ಲೋಹಶೋಧಕಕ್ಕೆ ಚಿನ್ನ ಕಾಣುತ್ತದೆಯೇ?

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೊರಟವರಿಗೆ ದೋಣಿಗಲ್ ಬಳಿ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಇದು. ಹಳೆಯ ಕೋಟೆ ಎಂದೊಡನೆ ನಿಧಿಯ ಮಾತು ಬಂದೇ ಬರುತ್ತದೆ. ಲೋಹಶೋಧಕ ತಂದರೆ ಚಿನ್ನವಿರುವ ಜಾಗ ತಿಳಿದುಬಿಡುತ್ತದೆ ಎಂದು ನಂಬುವವರೂ ಇದ್ದಾರೆ. ಈ ನಂಬಿಕೆ ಎಷ್ಟು ಸರಿ?

ಮೊದಲು ಯಂತ್ರ ಕೆಲಸ ಮಾಡುವ ಬಗೆ ನೋಡೋಣ. ಇದಕ್ಕೆ ಆಧಾರ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ. ಶೋಧಕದ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಸುತ್ತಲೂ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಂಡು ಬಂದರೆ ಅದರಲ್ಲಿ ನೀರಿನ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟುತ್ತದೆ. ಇದೇ ಸುಳಿಪ್ರವಾಹ. ಇದೂ ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸಿದೊಡನೆ ಯಂತ್ರ ಸದ್ದು ಮಾಡುತ್ತದೆ. ಆದ್ದರಿಂದಲೇ ಆಯಸ್ಕಾಂತಕ್ಕೆ ಅಂಟದ ತಾಮ್ರ, ಅಲ್ಯೂಮಿನಿಯಂ, ಚಿನ್ನ ಕೂಡ ಇದಕ್ಕೆ ಸಿಕ್ಕಿಬೀಳುತ್ತವೆ.

ಆದರೆ ‘ಇಲ್ಲಿ ಲೋಹವಿದೆ’ ಎನ್ನುವ ಯಂತ್ರ ಅದರ ಬೆಲೆಯನ್ನು ಹೇಳುವುದಿಲ್ಲ. ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಒಂದೇ ಬಗೆಯ ಸದ್ದು ಬರಬಹುದು. ನಾಣ್ಯದಂಥ ಸಣ್ಣ ವಸ್ತು ಆಳದಲ್ಲಿದ್ದರೆ ಸಾಮಾನ್ಯ ಶೋಧಕಕ್ಕೆ ಅದರ ಸುಳಿವೇ ಹತ್ತದು. ಸಾಲದ್ದಕ್ಕೆ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್‌ಗಳೂ ಹುಸಿ ಸದ್ದು ಎಬ್ಬಿಸಬಲ್ಲವು.

1881ರಲ್ಲಿ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್, ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಿದರು. ಹಾಸಿಗೆಯಲ್ಲಿದ್ದ ಲೋಹದ ತಂತಿಗಳು ಗೊಂದಲ ಉಂಟುಮಾಡಿದವು. ವೈದ್ಯರೂ ಮೈಯ ಒಂದೇ ಮಗ್ಗುಲನ್ನು ಪರೀಕ್ಷಿಸಲು ಬಿಟ್ಟರು. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ.

ಇಂದು ಈ ತತ್ತ್ವ ಮಾಡುವ ಕೆಲಸಗಳು ನಿಧಿಗಿಂತ ದೊಡ್ಡವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಆಯುಧ ಹಿಡಿಯುತ್ತದೆ. ಆಹಾರದ ಕಾರ್ಖಾನೆಗಳಲ್ಲಿ ಪೊಟ್ಟಣದೊಳಗೆ ಸೇರಿದ ಲೋಹದ ಚೂರನ್ನು ಪತ್ತೆಮಾಡುತ್ತದೆ. ಮರ ಕೊಯ್ಯುವಲ್ಲಿ ದಿಮ್ಮಿಯೊಳಗೆ ಹುದುಗಿದ ಮೊಳೆಯನ್ನು ಮೊದಲೇ ತಿಳಿಸಿ ಗರಗಸವನ್ನೂ ಕೆಲಸಗಾರನನ್ನೂ ಕಾಯುತ್ತದೆ. ದೋಣಿಗಲ್‌ನಲ್ಲಿ ರೈಲು ನಿಲ್ದಾಣವೂ ಇದೆ. ಭಾರತೀಯ ರೈಲ್ವೆ ಬಳಸುವ ಅಚ್ಚು ಎಣಿಕೆ ಯಂತ್ರವೂ ಇದೇ ತತ್ತ್ವದ್ದು. ಹಳಿಯ ಬದಿಯ ಸುರುಳಿಗಳ ಕಾಂತಕ್ಷೇತ್ರವನ್ನು ಉಕ್ಕಿನ ಗಾಲಿ ಬದಲಿಸುತ್ತದೆ. ಒಳಹೋದಷ್ಟೇ ಅಚ್ಚುಗಳು ಹೊರಬಂದರೆ ಮಾತ್ರ ಆ ಹಳಿ ಖಾಲಿಯೆಂದು ಲೆಕ್ಕ. ಒಂದು ಡಬ್ಬಿ ಕಳಚಿ ಹಿಂದೆ ಉಳಿದರೂ ಎಣಿಕೆ ತಾಳೆಯಾಗದು.

ಇನ್ನು ಕೋಟೆಯ ಮಾತು. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಹಳೆಯ ನಾಣ್ಯವೊಂದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದರಿಂದಲೇ ಇತಿಹಾಸಕಾರರು ಕಾಲವನ್ನು ಅರಿಯುತ್ತಾರೆ. ಗುದ್ದಲಿ ಬಿದ್ದ ಮೇಲೆ ಆ ಮಾಹಿತಿ ಅಳಿಸಿಹೋಗುತ್ತದೆ, ಅದನ್ನು ಹುಡುಕಿಕೊಡುವ ಯಂತ್ರ ಯಾವುದೂ ಇಲ್ಲ. ‘ಯಂತ್ರ ಚಿನ್ನ ತೋರಿಸಿದೆ, ಅಗೆಯಲು ಹಣ ಕೊಡಿ’ ಎಂದು ಯಾರಾದರೂ ಬಂದರೆ, ಸುಳಿಪ್ರವಾಹದ ಪಾಠ ಓದಿದ ಮಕ್ಕಳು ಹಿರಿಯರನ್ನು ಎಚ್ಚರಿಸಲಿ.