‘ಟಾಪ್ 2 ಪರ್ಸೆಂಟ್ ವಿಜ್ಞಾನಿ’ ಅಂದ್ರೆ ಏನು? ಧಾರವಾಡದ ಪಾಲಿಮರ್ ಲೆಕ್ಕ ನೋಡೋಣ ಬನ್ನಿ

ಧಾರವಾಡ: ‘ಏನ್ ತಮ್ಮಾ, ಪಾಲಿಮರ್ ಅಂದ್ರ ಪ್ಲಾಸ್ಟಿಕ್ ಅಲ್ಲೇನು? ಅದನ್ನ ಇಟ್ಕೊಂಡಿದ್ದಕ್ಕ ನಮಗ ದಂಡ ಹಾಕ್ತಾರ, ಅವ್ರಿಗೆ ಹೆಂಗ ಸನ್ಮಾನ?’ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಮೊಬೈಲ್ ತೋರಿಸಿ ಕೇಳಿದ ಪ್ರಶ್ನೆ ಇದು. ಸೆಪ್ಟೆಂಬರ್-ಅಕ್ಟೋಬರ್ ಬಂತಂದ್ರೆ ಕಾಲೇಜುಗಳಿಂದ ‘ನಮ್ಮ ಪ್ರಾಧ್ಯಾಪಕರು ವಿಶ್ವದ ಟಾಪ್ 2 ಪರ್ಸೆಂಟ್ ಪಟ್ಟಿಯಲ್ಲಿ’ ಅನ್ನೋ ಪ್ರೆಸ್‌ನೋಟ್ ಬರುತ್ತೆ. ನಾನೂ ಅದನ್ನ ಓದದೇ ಕಾಪಿ ಹೊಡೆದು ಹಾಕಿದವನೇ. ಈ ಸಲ ಕೂತು ಓದಿದೆ.

ಮೊದಲು ಹಿರಿಯರ ಪ್ರಶ್ನೆಗೆ ಉತ್ತರ. ಪಾಲಿಮರ್ ಅಂದ್ರೆ ಸಣ್ಣ ಅಣುಗಳು ಸರಪಳಿ ಹಾಗೆ ಕೂಡಿಕೊಂಡ ದೊಡ್ಡ ಅಣು. ಕ್ಯಾರಿಬ್ಯಾಗ್ ಅದರಲ್ಲಿ ಒಂದು ಅಷ್ಟೇ. ಹತ್ತಿ, ಪಿಷ್ಟ, ರಬ್ಬರ್ ಕೂಡ ಪಾಲಿಮರ್. ಸಿಗಡಿ, ಏಡಿ ಚಿಪ್ಪಿನಲ್ಲಿರೋ ಕೈಟಿನ್ ಕೂಡ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸಿದ್ರೆ ಕೈಟೋಸಾನ್ ಸಿಗುತ್ತೆ. ಅದರ ಅತಿ ಸಣ್ಣ ಕಣಗಳೊಳಗೆ ಔಷಧಿ ತುಂಬಿದ್ರೆ, ದೇಹದಲ್ಲಿ ಒಮ್ಮೆಲೇ ಕರಗದೆ ನಿಧಾನಕ್ಕೆ ಬಿಡುಗಡೆಯಾಗುವಂತೆ ಮಾಡಬಹುದು.

ಈ ವಿಷಯದಲ್ಲಿ ಧಾರವಾಡದ ಹೆಸರು ದೊಡ್ಡದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿ, ನಂತರ ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿವಿ ಸೇರಿದ ಪ್ರೊ. ತೇಜರಾಜ್ ಅಮಿನಭಾವಿ ಮತ್ತು ಸಂಗಡಿಗರು 2001ರಲ್ಲಿ ಕರಗುವ ಪಾಲಿಮರ್ ನ್ಯಾನೊಕಣಗಳ ಬಗ್ಗೆ, 2004ರಲ್ಲಿ ಕೈಟೋಸಾನ್ ಕಣಗಳ ಬಗ್ಗೆ ‘ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್’ನಲ್ಲಿ ಬರೆದರು. ಎರಡನ್ನೂ ಜಗತ್ತಿನ ಸಂಶೋಧಕರು ಸಾವಿರಾರು ಸಲ ಉಲ್ಲೇಖಿಸಿದ್ದಾರೆ.

ಉಲ್ಲೇಖ ಅಂದ್ರೆ? ‘ಈ ಸಾಮಾನು ನಮ್ಮಲ್ಲಿಲ್ಲ, ಆ ಅಂಗಡಿಗೆ ಹೋಗಿ’ ಅಂತ ಇನ್ನೊಬ್ಬ ವ್ಯಾಪಾರಿ ಹೇಳಿದ ಹಾಗೆ. ಹೆಸರು ಓಡ್ತಿದೆ ಅಂತ ಗೊತ್ತಾಗುತ್ತೆ. ಆದ್ರೆ ಗಿರಾಕಿ ಸಾಮಾನು ಕೊಂಡನೋ, ಜಗಳ ಮಾಡಿ ವಾಪಸ್ ಕೊಟ್ಟನೋ ಗೊತ್ತಾಗಲ್ಲ. ‘ಇದು ತಪ್ಪು’ ಅಂತ ಬರೆದರೂ ಅದು ಒಂದು ಉಲ್ಲೇಖವೇ.

ಇನ್ನೊಂದು ಸೂಕ್ಷ್ಮ ಇದೆ. ಮೇಲಿನ ಎರಡೂ ಸಮೀಕ್ಷಾ ಲೇಖನಗಳು, ಅಂದ್ರೆ ಅಲ್ಲಿಯವರೆಗೆ ಯಾರ್‍ಯಾರು ಏನೇನು ಮಾಡಿದ್ದಾರೆ ಅಂತ ಒಟ್ಟುಗೂಡಿಸಿ ಕೊಡುವಂಥವು. ಹೊಸದಾಗಿ ಬಂದ ಸಂಶೋಧಕ ಮೊದಲು ಹುಡುಕೋದೇ ಇಂಥದ್ದನ್ನ. ಅದಕ್ಕೇ ಪ್ರಯೋಗದ ಲೇಖನಕ್ಕಿಂತ ಇವಕ್ಕೆ ಉಲ್ಲೇಖ ಹೆಚ್ಚು. ಇದರಿಂದ ಅದರ ಬೆಲೆ ಕಡಿಮೆಯಾಗಲ್ಲ, ದಾರಿ ತೋರಿಸೋದೂ ಕೆಲಸವೇ. ಆದ್ರೆ ಇಬ್ಬರನ್ನು ಹೋಲಿಸುವಾಗ ಇದು ನೆನಪಿರಬೇಕು.

ಹಾಗಾಗಿ ‘ಎಚ್-ಇಂಡೆಕ್ಸ್’ ಬಂತು. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಕೊಟ್ಟ ಲೆಕ್ಕ ಇದು. ಒಬ್ಬರ ಐದು ಲೇಖನಕ್ಕೆ 50, 20, 8, 4, 1 ಉಲ್ಲೇಖ ಇದ್ದರೆ ಎಚ್-ಇಂಡೆಕ್ಸ್ 4. ಯಾಕಂದ್ರೆ ನಾಲ್ಕು ಲೇಖನಕ್ಕೆ ತಲಾ ಕನಿಷ್ಠ 4 ಉಲ್ಲೇಖ ಇವೆ. ಮೂರೇ ಲೇಖನ ಬರೆದು ತಲಾ ಸಾವಿರ ಉಲ್ಲೇಖ ಪಡೆದವರಿಗೆ ಸಿಗೋದು 3 ಮಾತ್ರ!

ಇನ್ನು ಆ ಪಟ್ಟಿ. ಇದು ಸ್ಟ್ಯಾನ್‌ಫರ್ಡ್ ವಿವಿ ಕೊಡುವ ಪ್ರಶಸ್ತಿ ಅಲ್ಲ. ಅಲ್ಲಿನ ಪ್ರೊ. ಜಾನ್ ಅಯೊನಿಡಿಸ್ ತಂಡ, ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಮಾಹಿತಿಯಿಂದ ಮಾಡುವ ಲೆಕ್ಕ. ಅದರಲ್ಲಿ ಎರಡು ಪಟ್ಟಿ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಪ್ರೆಸ್‌ನೋಟ್‌ಗಳಲ್ಲಿ ಯಾವುದು ಅಂತ ಹೆಚ್ಚಾಗಿ ಇರಲ್ಲ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿದ್ದು ಬಿಟ್ಟರೆ ಎಷ್ಟು ಅಂತಾನೂ ಅಲ್ಲಿ ಇರುತ್ತೆ. ಈಚಿನ ಪಟ್ಟಿಗಳಲ್ಲಿ ಹಿಂಪಡೆದ ಲೇಖನಗಳ ಮಾಹಿತಿಯನ್ನೂ ಸೇರಿಸಿದ್ದಾರೆ.

ಸ್ಕೋಪಸ್‌ನಲ್ಲಿ ಇಂಗ್ಲಿಷ್ ಪತ್ರಿಕೆಗಳದ್ದೇ ಮೇಲುಗೈ. ಇದೇ ಕರ್ನಾಟಕ ವಿವಿಯಲ್ಲಿ ಶಾಸನಗಳ ಮೇಲೆ ಕೆಲಸ ಮಾಡಿದ ಎಂ.ಎಂ. ಕಲಬುರ್ಗಿ ಅಂಥವರ ಕನ್ನಡ ಪುಸ್ತಕಗಳು ಈ ತಕ್ಕಡಿಗೆ ಬೀಳೋದೇ ಕಷ್ಟ. ಹಾಗಂತ ಅವರ ಕೆಲಸ ಹಗುರ ಅನ್ನೋಕಾಗುತ್ತಾ?

ನಮಗ್ಯಾಕೆ ಇದೆಲ್ಲ ಅಂತೀರಾ? ಕೇಂದ್ರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ನಲ್ಲಿ ವಿವಿಗಳಿಗೆ 100ಕ್ಕೆ 30ರಷ್ಟು ತೂಕ ಸಂಶೋಧನೆಯದ್ದು. ಲೇಖನ, ಉಲ್ಲೇಖ ಎಲ್ಲ ಅದರಲ್ಲೇ ಬರುತ್ತೆ. ಆ ರ್‍ಯಾಂಕ್ ಬ್ಯಾನರ್ ಮೇಲೆ ಬರುತ್ತೆ, ಬ್ಯಾನರ್ ನೋಡಿ ನಾವು ಫೀ ಕಟ್ತೀವಿ. ನಮ್ಮ ತಾಲ್ಲೂಕಿನ ಎಷ್ಟೋ ಅಪ್ಪಂದಿರು ಅಂಗಡಿ ಮೇಲೆ ಸಾಲ ಎತ್ತಿ ಕಟ್ಟೋ ದುಡ್ಡು ಅದು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಸೇರುವಾಗ ಬ್ಯಾನರ್ ನೋಡಿದ್ದೆ, ಲ್ಯಾಬ್ ಒಳಗೆ ಹೋಗಿ ನೋಡಿರಲಿಲ್ಲ. ಅದಕ್ಕೇ ಹೇಳ್ತೀನಿ, ಅಡ್ಮಿಷನ್ ಹೊತ್ತಲ್ಲಿ ನಾಲ್ಕು ಪ್ರಶ್ನೆ ಕೇಳಿ: ಆ ಟಾಪ್ 2 ಪರ್ಸೆಂಟ್ ಪ್ರಾಧ್ಯಾಪಕರು ನಮ್ಮ ಹುಡುಗರಿಗೆ ಪಾಠ ಮಾಡ್ತಾರಾ? ಖಾಯಂ ಶಿಕ್ಷಕರು ಎಷ್ಟು ಜನ? ಲ್ಯಾಬ್ ವಾರಕ್ಕೆ ಎಷ್ಟು ತಾಸು ತೆರೆದಿರುತ್ತೆ? ಓದಿ ಹೋದವರು ಈಗ ಎಲ್ಲಿದ್ದಾರೆ?

ಧಾರವಾಡದಲ್ಲಿ ಕೂತು ಬರೆದದ್ದನ್ನ ಜಗತ್ತು ಓದಿತು ಅನ್ನೋದು ಹೆಮ್ಮೆಯ ಮಾತೇ. ಆ ಹೆಮ್ಮೆ ಇಟ್ಕೊಳ್ಳೋಣ. ಆದ್ರೆ ಫೀ ಕಟ್ಟೋ ಮುಂಚೆ ತಕ್ಕಡಿ ನೋಡಿ, ಅಂಗಡಿಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.