ಬಚ್ಚಲ ಬಾಗಿಲಲ್ಲಿ ಅಳುವ ಮಗು



ತಾಳವಾಡಿಯ ಕಡೆಯ ಸಹೋದರಿಯೊಬ್ಬರ ಪತ್ರ ಎರಡು ತಿಂಗಳಿನಿಂದ ನನ್ನ ಮೇಜಿನ ಮೇಲೆ ಉತ್ತರ ಕಾಣದೆ ಉಳಿದಿತ್ತು. ಅವರ ಮಗನಿಗೆ ಒಂದೂಮುಕ್ಕಾಲು ವರ್ಷ. ಸ್ನಾನವೆಂದರೆ ಕೇಕೆ ಹಾಕಿ ಓಡಿಬರುತ್ತಿದ್ದ ಮಗು ಈಗ ಬಿಸಿನೀರಿನ ಬಕೆಟ್ಟನ್ನು ಕಂಡೊಡನೆ ಮಂಚದಡಿಯಲ್ಲಿ ಅಡಗುತ್ತದಂತೆ. ಎಳೆದು ತಂದರೆ ಉಸಿರು ಕಟ್ಟುವಂತೆ ಅಳುತ್ತದಂತೆ. "ಎರಡೇಟು ಬಿಗಿದು ನೀರು ಹುಯ್ಯಿ ಎಂದು ಅತ್ತೆ ಹೇಳುತ್ತಾರೆ. ನನಗೆ ಕೈ ಬರುವುದಿಲ್ಲ. ಏನು ಮಾಡಲಿ ಮೇಷ್ಟ್ರೇ?" ಎಂದು ಕೇಳಿದ್ದಾರೆ.

ಉತ್ತರ ತಡವಾದುದಕ್ಕೆ ಸೋಮಾರಿತನ ಕಾರಣವಲ್ಲ. ಅದೇ ಹೊತ್ತಿಗೆ ಕಾಸರಗೋಡಿನ ಈ ಹಳ್ಳಿಯ ನಮ್ಮ ಮನೆಯಲ್ಲಿಯೂ ಅದೇ ರಂಪ ಆರಂಭವಾಗಿತ್ತು. ನನ್ನ ಮೊಮ್ಮಗಳು ಇಪ್ಪತ್ತು ತಿಂಗಳ ಕೂಸು. ಪರರಿಗೆ ಬುದ್ಧಿ ಹೇಳುವ ಮೊದಲು ಸ್ವಂತ ಮನೆಯ ಪಾಠ ಮುಗಿಯಲಿ ಎಂದು ಕಾದೆ. ಆ ಪಾಠದಲ್ಲಿ ನನ್ನದೊಂದು ಹಳೆಯ ತಪ್ಪೂ ಸೇರಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

1999ರ ಮಾತು. ನನ್ನ ಹಿರಿಯ ಮಗನಿಗೆ ಆಗ ಎರಡು ವರ್ಷ. ನನಗೆ ಬೆಳಗ್ಗೆ ಶಾಲೆಗೆ ಹೊರಡುವ ಅವಸರ, ಅದರ ಜೊತೆಗೆ ಎಳೆಯ ಅಧ್ಯಾಪಕರಿಗೆ ಸಹಜವಾದ ಶಿಸ್ತಿನ ಹುಚ್ಚು. ಹುಡುಗ ತಲೆಗೆ ನೀರು ಬೇಡವೆಂದು ಹಟ ಹಿಡಿದಾಗ ಅವನನ್ನು ಎರಡು ಮೊಣಕಾಲುಗಳ ನಡುವೆ ಬಿಗಿಹಿಡಿದು ಚೆಂಬಿನ ಮೇಲೆ ಚೆಂಬು ಸುರಿದೆ. ಅಳುವ ಮಗುವಿನ ಬಾಯಿ ತೆರೆದೇ ಇರುತ್ತದೆಂಬ ವಿವೇಕ ನನಗಿರಲಿಲ್ಲ. ನೀರು ಮೂಗು ಬಾಯಿಗಳಿಗೆ ನುಗ್ಗಿತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಬೆನ್ನು ತಟ್ಟಿದೆ, ಉಸಿರಾಡಿದ. ಮರುದಿನವೂ ಹಾಗೆಯೇ ಹಿಡಿದು ಮೀಯಿಸಿದೆ. ಒಂದು ವಾರದಲ್ಲಿ ಅವನು ಅಳುವುದನ್ನೇ ಬಿಟ್ಟ. ನಾನು ಗೆದ್ದೆನೆಂದು ಭಾವಿಸಿದೆ.

ಅದು ಗೆಲುವಲ್ಲವೆಂಬುದು ತಿಳಿದುಬಂದುದು ಅವನು ಶಾಲೆಗೆ ಸೇರಿದ ಮೇಲೆ. ನಮ್ಮ ಊರಿನ ಮಕ್ಕಳು ಮಳೆಗಾಲದಲ್ಲಿ ತೋಡಿನ ಸಂಕ ದಾಟಿ ಶಾಲೆಗೆ ಬರಬೇಕು. ಉಳಿದವರು ಕುಣಿಯುತ್ತ ದಾಟುವಾಗ ನನ್ನ ಮಗ ಕಂಗಿನ ಮರದ ಆ ಕಾಲುಸಂಕದ ಈಚೆಯೇ ಕಲ್ಲಾಗಿ ನಿಲ್ಲುತ್ತಿದ್ದ. ಐದನೆಯ ತರಗತಿಯ ತನಕ ಅವನನ್ನು ನಾನು ಎತ್ತಿಕೊಂಡೇ ದಾಟಿಸಿದೆ. ಓರಗೆಯ ಹುಡುಗರು ಜೋಡಿ ಒಣ ತೆಂಗಿನಕಾಯಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತೋಟದ ಕೆರೆಯಲ್ಲಿ ಈಜು ಕಲಿತರು. ಅವನು ಕಲಿಯಲಿಲ್ಲ. ಇಂದಿಗೂ ಬರುವುದಿಲ್ಲ. ಕೆರೆ, ತೋಡು, ಹೊಳೆಗಳ ನಡುವೆ ಬಾಳುವ ಊರಿನಲ್ಲಿ ಈಜು ಬಾರದಿರುವುದು ಬರಿಯ ಕೊರತೆಯಲ್ಲ, ಅಪಾಯ.

ನಗೆಪಾಟಲಿನ ವಿಷಯವೆಂದರೆ, ಶಿಕ್ಷಕ ತರಬೇತಿಯಲ್ಲಿ ಇದೇ ಪಾಠಕ್ಕೆ ನನಗೆ ಒಳ್ಳೆಯ ಅಂಕಗಳು ಬಂದಿದ್ದುವು. ವಾಟ್ಸನ್ ಮತ್ತು ರೇನರ್ ಎಂಬವರು 1920ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಆಲ್ಬರ್ಟ್ ಎಂಬ ಹಸುಳೆ ಬಿಳಿಯ ಇಲಿಯನ್ನು ಮುಟ್ಟಿದಾಗಲೆಲ್ಲ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಕೊನೆಗೆ ಶಬ್ದವಿಲ್ಲದಿದ್ದರೂ ಇಲಿಯನ್ನು ಕಂಡೇ ಮಗು ಅಳತೊಡಗಿತು. ಭಯವನ್ನು ಕಲಿಸಬಹುದೆಂದು ಅವರು ತೋರಿಸಿದರು. ಕಲಿತ ಭಯವನ್ನು ಬಿಡಿಸಬಹುದೆಂದು ತೋರಿಸಿದವರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಬರೆದ ವರದಿಯಲ್ಲಿ ಪೀಟರ್ ಎಂಬ ಮೂರು ವರ್ಷ ತುಂಬದ ಹುಡುಗನಿದ್ದಾನೆ. ಅವನಿಗೆ ಮೊಲವೆಂದರೆ ಪ್ರಾಣಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದೊಳಗಿನ ಮೊಲವನ್ನು ದೂರದಲ್ಲಿಟ್ಟು, ಅವನಿಗೆ ಕಳವಳವಾಗದಷ್ಟೇ ದಿನದಿನವೂ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಗೊಟ್ಟರು. ಕಡೆಗೆ ಮೊಲ ಅವನ ಬೆರಳುಗಳನ್ನು ಕಚ್ಚಿ ಆಡುವಷ್ಟು ಸಲಿಗೆಯಾಯಿತು. ಇದನ್ನೆಲ್ಲ ಉತ್ತರಪತ್ರಿಕೆಯಲ್ಲಿ ಚೆನ್ನಾಗಿ ಬರೆದು ಬಂದು ಮನೆಯಲ್ಲಿ ಸುತ್ತಿಗೆಯನ್ನು ನಾನೇ ಹಿಡಿದೆ.

ಇನ್ನು ಮೊಮ್ಮಗಳ ವಿಷಯ. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಅವಳು ಬಚ್ಚಲ ಹೊಸ್ತಿಲಲ್ಲಿ ಕಾಲು ಊರಿ ನಿಂತು ಚೀರಿದಳು. ಅಜ್ಜಿ ದೃಷ್ಟಿಯೆಂದು ಉಪ್ಪು ಮೆಣಸು ನಿವಾಳಿಸಿದಳು. ಮರುದಿನವೂ ಚೀರಾಟ. ಅಭ್ಯಾಸಬಲದಿಂದ ನಾನು ತೋಳು ಮಡಚಿ ಮುಂದಾದೆ. ಆಗ ಚಾವಡಿಯಿಂದ ಮಗ ಎದ್ದು ಬಂದು, "ಅಪ್ಪಾ, ಹಿಡಿಯಬೇಡಿ" ಎಂದ. ಅಷ್ಟೇ ಹೇಳಿ ಕೊಡೆಯನ್ನೂ ತೆಗೆದುಕೊಳ್ಳದೆ ತೋಟಕ್ಕೆ ಇಳಿದುಹೋದ. ಎರಡು ವರ್ಷದಲ್ಲಿ ನಡೆದುದು ಅವನಿಗೆ ನೆನಪಿರಲಾರದೆಂದು ನಂಬಿದ್ದೆ. ಘಟನೆ ನೆನಪಿಲ್ಲದಿರಬಹುದು.

ಆ ದಿನ ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸಿ ಬಿಟ್ಟೆವು. ಇದು ಹಲವು ಮನೆಗಳಲ್ಲಿ ಹಿರಿಯರಿಗೆ ಒಪ್ಪದ ಮಾತೆಂದು ಬಲ್ಲೆ. ಮೀಯದೆ ಒಲೆಯ ಬಳಿ ಸುಳಿಯಬಾರದೆಂಬ ಸಂಪ್ರದಾಯದಲ್ಲಿಯೇ ನಾನೂ ಬೆಳೆದವನು. ಆದರೆ ಈ ವಯಸ್ಸಿನ ಮಗುವಿಗೆ ದಿನವೂ ತಲೆತುಂಬ ನೀರು ಬೀಳಲೇಬೇಕೆಂಬ ಆರೋಗ್ಯನಿಯಮವಿಲ್ಲ. ಕೈ, ಮುಖ, ಕುತ್ತಿಗೆಯ ಸಂದು, ತೊಡೆಸಂದುಗಳನ್ನು ಶುಚಿಯಾಗಿಟ್ಟರೆ ಕೆಲವು ದಿನ ಧಾರಾಳವಾಗಿ ನಡೆಯುತ್ತದೆ. ಬೇಸಗೆಯಲ್ಲಿ ನೀರಿಗಾಗಿ ಕಾಯುವ ಜತ್ತಿನ ಕಡೆಯ ತಾಯಂದಿರಿಗೂ ಚಳಿಯಲ್ಲಿ ನಡುಗುವ ನೀಲಗಿರಿಯ ತಾಯಂದಿರಿಗೂ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಮೂರು ದಿನ ನಾನು ಸುಮ್ಮನೆ ಗಮನಿಸಿದೆ. ಮಗು ಸೂರಿನಿಂದ ಇಳಿಯುವ ಮಳೆನೀರಿಗೆ ನಗುತ್ತ ಕೈಯೊಡ್ಡುತ್ತಿದ್ದಳು. ಹಾಗಾದರೆ ಭಯ ನೀರಿನದ್ದಲ್ಲ. ಸಾಬೂನಿನ ತುಂಡು ಕೊಟ್ಟರೆ ಮೂಸಿ ಆಡಿದಳು. ಕಣ್ಣುರಿಯ ನೆನಪೂ ಅಲ್ಲ. ಬಚ್ಚಲೊಳಗೆ ಎತ್ತಿಕೊಂಡು ಹೋದಾಗ ಮಾತ್ರ ನನ್ನ ಕೊರಳನ್ನು ತಬ್ಬಿ, ಮೂಲೆಯಲ್ಲಿ ನೀರು ಹರಿದುಹೋಗುವ ತೂತನ್ನು ನೋಡುತ್ತ, "ಸೋಪು ಹೋಯ್ತು, ಸೋಪು ಹೋಯ್ತು" ಎಂದಳು. ಸೊಸೆಗೆ ಆಗ ನೆನಪಾಯಿತು: ಹಿಂದಿನ ವಾರ ಸವೆದ ಸಾಬೂನಿನ ತುಂಡೊಂದು ಮಗುವಿನ ಕಣ್ಣೆದುರಿಗೇ ನೀರಿನೊಡನೆ ಜಾರಿ ಆ ತೂತಿನೊಳಗೆ ಹೋಗಿತ್ತು. ತೆಗೆದುಕೊಡಲು ಆಗಿರಲಿಲ್ಲ.

ಅಂಗೈಯಗಲದ ತೂತಿನಲ್ಲಿ ತಾನೂ ಹೋದೇನೆಂದು ಮಗು ಹೆದರುವುದುಂಟೇ ಎಂದು ನೀವು ನಗಬಹುದು. 2004ರಲ್ಲಿ ಜೂಡಿ ಡಿಲೋಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ತಮ್ಮ ಸಹೋದ್ಯೋಗಿಗಳೊಂದಿಗೆ 18ರಿಂದ 30 ತಿಂಗಳ ಮಕ್ಕಳ ಕುರಿತು ಒಂದು ಸ್ವಾರಸ್ಯವಾದ ಅಧ್ಯಯನ ಪ್ರಕಟಿಸಿದರು. ತಾವು ಕುಳಿತು ಆಡಿದ ಕಾರು, ಕುರ್ಚಿ, ಜಾರುಬಂಡಿಗಳ ಸ್ಥಳದಲ್ಲಿ ಅವುಗಳದೇ ಪುಟ್ಟ ಪ್ರತಿಕೃತಿಗಳನ್ನಿಟ್ಟಾಗ ಕೆಲವು ಮಕ್ಕಳು ಅಂಗೈಯಷ್ಟರ ಕಾರಿನೊಳಗೆ ಕಾಲು ತುರುಕಲು ಮನಃಪೂರ್ವಕವಾಗಿ ಯತ್ನಿಸಿದರಂತೆ. ತನ್ನ ಮೈ ಎಷ್ಟು ದೊಡ್ಡದು, ಎಲ್ಲಿ ಹಿಡಿಸುತ್ತದೆ, ಎಲ್ಲಿ ಹಿಡಿಸದು ಎಂಬ ಲೆಕ್ಕ ಆ ಪ್ರಾಯದಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ನಮ್ಮ ಕೂಸಿನ ಭಯ ಅವಳ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಎಲ್ಲ ಮಕ್ಕಳ ಕಾರಣವೂ ಇದೇ ಆಗಿರಬೇಕೆಂದಿಲ್ಲ. ಒಂದು ಸಲ ಕಾಲು ಜಾರಿರಬಹುದು. ಸೀಗೆಪುಡಿ ಕಣ್ಣಿಗೆ ಬಿದ್ದಿರಬಹುದು. ಹೊಗೆ ತುಂಬಿದ ಕತ್ತಲೆಯ ಬಚ್ಚಲೇ ಬೇಡವಾಗಿರಬಹುದು. ಆಟದ ನಡುವೆ ಎತ್ತಿಕೊಂಡು ಹೋಗುವುದರ ಸಿಟ್ಟೂ ಇರಬಹುದು. ಕಿವಿನೋವು, ಬಿರಿದ ಚರ್ಮ, ತೊಡೆಸಂದಿನ ಹುಣ್ಣು ಇದ್ದರೆ ಅದು ಹಟವಲ್ಲ, ವೈದ್ಯರಿಗೆ ತೋರಿಸಬೇಕಾದ ನೋವು. ಅಜ್ಜಿಯಂದಿರು ಮುನಿಸಿಕೊಂಡರೂ ಹೇಳುತ್ತೇನೆ: ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೇಡು.

ನೀರಿನ ಬಿಸಿಯ ಕುರಿತು ಹೆಚ್ಚು ಎಚ್ಚರ ಬೇಕು. ಹಿರಿಯರ ಒರಟು ಅಂಗೈಗೆ ಹದವೆನಿಸುವುದು ಮಗುವಿಗೆ ಸುಡುವ ನೀರಾಗಬಹುದು. ನಮ್ಮ ಮೈಯ ಶಾಖದಷ್ಟು, ಎಂದರೆ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿ ಸಾಕು. ಮೊಣಕೈ ಅದ್ದಿ ನೋಡಬೇಕು. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು, ತಿರುವುಮುರುವು ಮಾಡಬಾರದು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಎಳೆಯ ಚರ್ಮವನ್ನು ಬೇಯಿಸಿಬಿಡುತ್ತದೆ. ಬಾಗಿಲಿಗೆ ಯಾರು ಬಂದರೂ, ಫೋನು ಎಷ್ಟು ಬಡಿದುಕೊಂಡರೂ ಮಗುವನ್ನು ನೀರಿನ ಬಳಿ ಒಂಟಿಯಾಗಿ ಬಿಡಲಾಗದು. ಬಕೆಟ್ಟಿನ ತಳದಲ್ಲಿರುವ ನಾಲ್ಕು ಅಂಗುಲ ನೀರೂ ಪ್ರಾಣ ತೆಗೆಯಬಲ್ಲುದು.

ನಾವು ಬಚ್ಚಲನ್ನೇ ಕೆಲವು ದಿನ ಕೈಬಿಟ್ಟೆವು. ಅಟ್ಟದಲ್ಲಿದ್ದ ಅಡಿಕೆಯ ಹಾಳೆಯೊಂದನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ ಹಿಂಬದಿಯ ಜಗಲಿಯಲ್ಲಿ ಹಾಸಿದೆ. ನಮ್ಮ ಕಡೆ ಹಸುಳೆಗಳನ್ನು ಹಾಳೆಯಲ್ಲಿ ಮಲಗಿಸಿ ಮೀಯಿಸುವುದು ಹಿಂದಿನ ರೂಢಿ. ನಾನೂ ಹಾಳೆಯಲ್ಲಿ ಮಿಂದವನೇ. ಮೊದಲ ದಿನ ಬಟ್ಟೆಯ ಗೊಂಬೆಗೆ ಸ್ನಾನ. ಮಗುವಿನ ಕೈಗೆ ನುಣುಪಾಗಿ ಹೆರೆದ ತೆಂಗಿನ ಗೆರಟೆ ಕೊಟ್ಟು ನೀನೇ ಹೊಯ್ಯಿ ಎಂದೆವು. ಎರಡನೆಯ ದಿನ ಗೊಂಬೆಯ ಪಕ್ಕದಲ್ಲಿ ಅವಳ ಪಾದಗಳಿಗೂ ನೀರು. ನಾಲ್ಕನೆಯ ದಿನ ತಾನೇ ಹಾಳೆಯಲ್ಲಿ ಕುಳಿತಳು. ತಲೆಯ ಸರದಿ ಬಂದಾಗ ಬೈರಾಸನ್ನು ಮಡಚಿ ಹಣೆಗೆ ಒತ್ತಿಹಿಡಿದು, ಮಾಡಿನ ಮೇಲೆ ಕುಳಿತ ಕಾಗೆಯನ್ನು ನೋಡಲು ಹೇಳಿದೆವು. ಮುಖ ಮೇಲಾಯಿತು, ನೀರು ಹಿಂದಕ್ಕೆ ಇಳಿಯಿತು. ಪ್ರತಿ ಸಲವೂ "ಈಗ ನೀರು ಬರುತ್ತದೆ" ಎಂದು ಹೇಳಿಯೇ ಹೊಯ್ದೆವು. ಹೇಳದೆ ಸುರಿದರೆ ಒಂದು ವಾರದ ದುಡಿಮೆ ವ್ಯರ್ಥ.

ಹಾಗೆ ವ್ಯರ್ಥವಾದುದೂ ಉಂಟು. ಬಂಧುಗಳ ಮನೆಯಿಂದ ಬಂದ ಹುಡುಗನೊಬ್ಬ ತಮಾಷೆಗೆಂದು ಹಿಂದಿನಿಂದ ಒಂದು ಚೆಂಬು ತಣ್ಣೀರು, ಅದೂ ಸುರಂಗದ ನೀರು, ಅವಳ ನೆತ್ತಿಗೆ ಸುರಿದ. ಮತ್ತೆ ಚೀರಾಟ, ಹಾಳೆಯೂ ಬೇಡವಾಯಿತು. ಪೀಟರನಿಗೂ ಹೀಗೆಯೇ ಆಗಿತ್ತು. ಜ್ವರದಿಂದ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮರಳುವಾಗ ದೊಡ್ಡ ನಾಯಿಯೊಂದು ಮೈಮೇಲೆ ಬಂದು, ಗುಣವಾಗುತ್ತಿದ್ದ ಭಯ ಮೊದಲಿನಂತೆಯೇ ಆಗಿತ್ತು. ನಾವೂ ಗೊಂಬೆಯಿಂದಲೇ ಪುನಃ ಆರಂಭಿಸಿದೆವು. ಈ ಸಲ ಬೇಗ ಸಾಗಿತು. ಹಾಳೆ ದಿನಕ್ಕೆ ಒಂದಿಷ್ಟು ಸರಿದು ಬಚ್ಚಲ ಹೊಸ್ತಿಲನ್ನು ಮುಟ್ಟಿತು. ಒಳಗಿನ ತೂತಿಗೆ ಸಣ್ಣ ಕಂಡಿಗಳ ಜಾಲರಿ ಹಾಕಿಸಿದೆ. ಮಗುವಿನ ಕೈಯಿಂದಲೇ ಅದರ ಮೇಲೆ ಸಾಬೂನು ಇಡಿಸಿ ನೀರು ಹೊಯ್ಯಿಸಿದೆವು. ನೀರು ಹೋಯಿತು, ಸಾಬೂನು ಉಳಿಯಿತು. ಆ ಆಟವನ್ನು ಅವಳು ಇಪ್ಪತ್ತು ಸಲವಾದರೂ ಆಡಿರಬೇಕು. ಒಟ್ಟು ಐದು ವಾರ ಹಿಡಿಯಿತು.

ತಾಳವಾಡಿಯ ಸಹೋದರೀ, ನಿಮ್ಮ ಮಗನ ತೂತು ಯಾವುದೆಂದು ನನಗೆ ಇಲ್ಲಿಂದ ಕಾಣದು. ಅವನು ಯಾವ ವಸ್ತುವನ್ನು, ಯಾವ ಸ್ಥಳವನ್ನು ನೋಡಿ ಅಳಲಾರಂಭಿಸುತ್ತಾನೆಂದು ಮೂರು ದಿನ ಗಮನಿಸಿರಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ಸಾಕು. ಅತ್ತೆಯವರಿಗೆ ಬೇಸರವಾಗದಂತೆ ಈ ಪುಟವನ್ನು ಓದಿ ಹೇಳಿರಿ. ಮೇಷ್ಟ್ರು ಒಮ್ಮೆ ಹಿಡಿದು ಮೀಯಿಸಿ ಕೆಟ್ಟರೆಂಬುದನ್ನೂ ಬಿಡದೆ ಓದಿರಿ.

ಮೊನ್ನೆ ಭಾನುವಾರ ನಾನು ಹಂಡೆಗೆ ಬೆಂಕಿ ಮಾಡುತ್ತಿದ್ದೆ. ಮಗು ತನ್ನ ಸ್ನಾನ ಮುಗಿದ ಮೇಲೆ ಅಪ್ಪನ ಕೈ ಹಿಡಿದೆಳೆದು ಹಾಳೆಯ ಮೇಲೆ ಕುಳ್ಳಿರಿಸಿದಳು. ಬೈರಾಸನ್ನು ಅವನ ಹಣೆಗೆ ಒತ್ತಿದಳು. "ನೀರು ಬತ್ತೆ" ಎಂದು ಎಚ್ಚರಿಸಿ ಗೆರಟೆಯ ನೀರನ್ನು ಅವನ ನೆತ್ತಿಗೆ ಹೊಯ್ದಳು. ಅವನು ಕಣ್ಣು ಮುಚ್ಚಿ ಜಗಲಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಸಾಲದೆಂದು ಅವಳು ಇನ್ನೊಂದು ಗೆರಟೆ ಹೊಯ್ದಳು. ಅವನು ಎದ್ದುಹೋಗಲಿಲ್ಲ.