ಪ್ರಾರ್ಥನೆಗೆ ಸುಳ್ಳಿನ ಆಸರೆ ಬೇಡ

ಮಡಿಲು ತುಂಬಲೆಂದು ಆರೋಗ್ಯ ಮಾತೆಗೆ ಹರಕೆ ಹೊತ್ತು, ಕಣ್ಣೀರಿನೊಡನೆ ಜಪಸರ ಎಣಿಸುವ ದಂಪತಿಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರ ಪಾಲಿಗೆ ಭರವಸೆಯ ಒಂದು ಮಾತೂ ಅಮೂಲ್ಯ. ಆದುದರಿಂದಲೇ ಆ ಮಾತನ್ನಾಡುವವರ ಹೊಣೆಯೂ ದೊಡ್ಡದು.

2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಜರ್ನಲ್ ಆಫ್ ರಿಪ್ರೊಡಕ್ಟಿವ್ ಮೆಡಿಸಿನ್’ ಪತ್ರಿಕೆ ಒಂದು ಸಂಶೋಧನೆಯನ್ನು ಪ್ರಕಟಿಸಿತು. ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಪ್ರನಾಳ ಶಿಶು ಚಿಕಿತ್ಸೆ ಪಡೆಯುತ್ತಿದ್ದ ಕೆಲವು ಸ್ತ್ರೀಯರಿಗಾಗಿ ಅಮೆರಿಕ, ಕೆನಡ ಹಾಗೂ ಆಸ್ಟ್ರೇಲಿಯದ ಕ್ರೈಸ್ತರು ಪ್ರಾರ್ಥಿಸಿದರೆಂದೂ, ಅವರಲ್ಲಿ ನೂರಕ್ಕೆ 50 ಮಂದಿ ಗರ್ಭವತಿಯರಾದರೆಂದೂ, ಪ್ರಾರ್ಥನೆ ದೊರೆಯದವರಲ್ಲಿ ಆ ಪ್ರಮಾಣ ಕೇವಲ 26 ಎಂದೂ ಅದು ಸಾರಿತು. ವಾರ್ತೆ ದೇಶದೇಶಗಳಿಗೆ ಹಬ್ಬಿತು.

ಮುಂದೆ ತಿಳಿದುಬಂದ ಸಂಗತಿಗಳು ಮನಸ್ಸನ್ನು ಕಲಕುತ್ತವೆ. ತಾವು ಪ್ರಯೋಗವೊಂದರಲ್ಲಿ ಸೇರಿದ್ದೇವೆಂಬುದನ್ನು ಆ ಸ್ತ್ರೀಯರಿಗೆ ತಿಳಿಸಿಯೇ ಇರಲಿಲ್ಲ. ಸಂಶೋಧನೆಯ ಮುಂದಾಳೆಂದು ಮೊದಲು ಹೆಸರಾದ ಕೊಲಂಬಿಯ ವಿಶ್ವವಿದ್ಯಾಲಯದ ವೈದ್ಯ ರೊಜೆರಿಯೊ ಲೋಬೊ ಅವರಿಗೆ ಅದರ ವಿಷಯ ಗೊತ್ತಾದದ್ದು, ಕೆಲಸ ಮುಗಿದು ತಿಂಗಳುಗಳು ಕಳೆದ ಮೇಲೆ ಎಂದು ವಿಶ್ವವಿದ್ಯಾಲಯವೇ ಹೇಳಿತು. 2004ರಲ್ಲಿ ಅವರು ಲೇಖನದಿಂದ ತಮ್ಮ ಹೆಸರನ್ನು ಹಿಂತೆಗೆದುಕೊಂಡರು. ಪ್ರಾರ್ಥನಾ ತಂಡಗಳನ್ನು ಏರ್ಪಡಿಸಿದ ಡೇನಿಯಲ್ ವರ್ತ್ ವೈದ್ಯರಲ್ಲ, ಕಾನೂನು ಪದವೀಧರರು. ಈ ಸಂಶೋಧನೆಗೆ ಸಂಬಂಧಿಸದ ಬೇರೊಂದು ವಂಚನೆಯ ಪ್ರಕರಣದಲ್ಲಿ ಅದೇ ವರ್ಷ ತಪ್ಪೊಪ್ಪಿಕೊಂಡು, ಸೆರೆವಾಸದ ಶಿಕ್ಷೆಗೆ ಗುರಿಯಾದರು.

ಪ್ರನಾಳ ಶಿಶು ವಿಧಾನವನ್ನು ಧರ್ಮಸಭೆ ಒಪ್ಪುವುದಿಲ್ಲವೆಂಬುದು 1987ರ ಬೋಧನೆಯಿಂದ ನಮಗೆ ತಿಳಿದಿದೆ. ಇಲ್ಲಿರುವ ಪ್ರಶ್ನೆ ಬೇರೆ. ನಮಗೆ ಪ್ರಿಯವಾದ ಮಾತೆಂಬ ಕಾರಣಕ್ಕೆ ನಾವು ಅದನ್ನು ಪರಿಶೀಲಿಸದೆ ನಂಬಬಹುದೇ? ಸುಳ್ಳು ಸಾಕ್ಷ್ಯವನ್ನು ನಿಷೇಧಿಸುವ ದೈವಾಜ್ಞೆ, ದೇವರ ಪರವಾಗಿ ನುಡಿಯುವ ಸಾಕ್ಷಿಗೂ ಅನ್ವಯಿಸುತ್ತದೆ. ಸೈತಾನನು ಪ್ರೇರೇಪಿಸಿದಾಗಲೂ ದೇವರನ್ನು ಪರೀಕ್ಷಿಸಲು ಪ್ರಭು ಯೇಸು ಒಪ್ಪಲಿಲ್ಲ. ಶಿಲೋವಿನಲ್ಲಿ ಮೌನವಾಗಿ ಅತ್ತು ಬೇಡಿದ ಹನ್ನಳ ಪ್ರಾರ್ಥನೆಗೆ ಅಂಕಿ ಅಂಶಗಳ ಬೆಂಬಲ ಬೇಕಾಗಿರಲಿಲ್ಲ.

ಸಂತಾನದ ಹಂಬಲದಿಂದ ಬಳಲಿದವರ ಮುಂದೆ ಇಂದು ಆಸ್ಪತ್ರೆಗಳ ಜಾಹೀರಾತುಗಳೂ ಪವಾಡದ ಪ್ರಚಾರಗಳೂ ಒಂದೇ ಸಮನೆ ಬಂದು ನಿಲ್ಲುತ್ತವೆ. ನೂರಕ್ಕೆ ಇಷ್ಟು ಫಲ ಎಂದು ಯಾರಾದರೂ ಹೇಳಿದಾಗ ವಿನಯದಿಂದಲೇ ಕೇಳೋಣ: ಎಷ್ಟು ಮಂದಿಯಲ್ಲಿ? ಎಷ್ಟು ಮಂದಿಗೆ ಮಗು ಜನಿಸಿತು? ಲೆಕ್ಕವಿಟ್ಟವರು ಯಾರು, ಅದನ್ನು ಪರಿಶೀಲಿಸಿದವರು ಯಾರು? ಹೀಗೆ ಕೇಳುವುದು ಅವಿಶ್ವಾಸವಲ್ಲ. ಮಾರಿಕೊಳ್ಳಲು ಒಡವೆಯೊಂದನ್ನು ಬಿಟ್ಟು ಬೇರೇನೂ ಉಳಿಯದ ನಮ್ಮ ಸಹೋದರಿಯನ್ನು ಕಾಪಾಡುವ ಪ್ರೀತಿ ಅದು.

ಮಡಿಲು ಬರಿದಾದವರ ಜೊತೆ ಮೊಣಕಾಲೂರಿ ಪ್ರಾರ್ಥಿಸೋಣ. ಆದರೆ ಅವರ ಕಿವಿಯಲ್ಲಿ ಸತ್ಯವನ್ನು ಮಾತ್ರ ನುಡಿಯೋಣ.